ಎತ್ತಿದ ಕಾಲು

ಜುಲೈ 28, 2007. ಶನಿವಾರ

...ತಾಳದ ‘ಒಂದು’ ಎಲ್ಲಿದೆ ಎಂದು ಹುಡುಕುವವನು ಕುಣಿಯಲಾರ ಎಂದನೋ, ಕುಣಿಯುವವನು ಹುಡುಕುವುದಿಲ್ಲ ಎಂದನೋ. ಯುಸೇಬಿಯೊ ಹೇಳಿದ್ದು. ಕಾರು ಹಿಂದಕ್ಕೆ ತೆಗೆಯುತ್ತ ಹೇಳಿದ, ಅರ್ಧ ಕೇಳಿಸಲಿಲ್ಲ. ಹೊಗಳಿಕೆ ಎಂದುಕೊಂಡಿದ್ದೇನೆ.

ಬೆಳಗಿನಿಂದ ಇಬ್ಬರೂ ನಮ್ಮ ಗ್ಯಾರೇಜಿನಲ್ಲಿ. ಆಫೀಸಿನಲ್ಲಿ ನನ್ನ ಪಕ್ಕದ ರೂಮಿನವನು. ಪೆರುವಿನವನು, ಅಲ್ಲಿಗೆ ಗುಲಾಮರಾಗಿ ಬಂದ ಆಫ್ರಿಕನ್ನರ ವಂಶ. ಇಲ್ಲಿ ಕಹೋನ್ ಮೇಲೆ ಕೂರುತ್ತಾನೆ. ಬರೀ ಮರದ ಪೆಟ್ಟಿಗೆ. ಮೇಲೆ ಕೂತು ಮುಂದಿನ ಹಲಗೆಗೆ ಅಂಗೈಯಿಂದ ಬಡಿಯುವುದು. ಹಳೇ ಕ್ಯಾಸೆಟ್‌ನಲ್ಲಿ ಅವನ ಸೋದರತ್ತೆ ದೊಮಿತಿಲಾ ಹಾಡುತ್ತಾಳೆ. ಅವರಿಬ್ಬರ ಕೆಳಗೆ ನಾನು ಲ್ಯಾಪ್‌ಟಾಪಿನಿಂದ ಡ್ರಮ್ ಇಡುತ್ತೇನೆ, ಕ್ಲಬ್ಬುಗಳಲ್ಲಿ ಎದೆಗೆ ಬಡಿಯುತ್ತದಲ್ಲ, ಆ ಧಪ್ ಧಪ್.

ಅವರ ಹಾಡಿನಲ್ಲಿ ಆವರ್ತನ ಎಲ್ಲಿ ಶುರು ಎಂದು ತಿಳಿಯುವುದಿಲ್ಲ. ಮೈಸೂರಿನಲ್ಲಿ ಅಮ್ಮನ ಸಂಗೀತ ಪಾಠಕ್ಕೆ ತೊಡೆ ತಟ್ಟಿ ಬೆಳೆದವನು ನಾನು. ಸಮ, ಅಂದರೆ ಆವರ್ತನದ ಮೊದಲ ಏಟು, ಸಿಗುವವರೆಗೆ ಹುಡುಕುತ್ತಲೇ ಇರುತ್ತೇನೆ. ಕೊನೆಗೆ ಜೋರಾಗಿ ಬಿದ್ದ ಏಟನ್ನೇ ಸಮ ಎಂದುಕೊಂಡೆ. ಡ್ರಮ್ ಅಲ್ಲಿಗೆ ಕೂರಿಸಿದೆ. ಎಲ್ಲ ನೆಟ್ಟಗಾಯಿತು.

ವೇದಾ ಇಣುಕಿದಳು. "ಪೆಟ್ಟಿಗೆ ಬಡಿಯೋಕೆ ಇಬ್ಬರು ಇಂಜಿನಿಯರ್ ಬೇಕೇನ್ರೀ? ನಮ್ಮ ಅಕ್ಕಿ ಡಬ್ಬಾನೂ ಬೇಕಾದ್ರೆ ಕೊಡ್ತೀನಿ."

ಆಗಸ್ಟ್ 5, ಭಾನುವಾರ

ಬೆಲ್ವ್ಯೂ ಪಾರ್ಕಿನಲ್ಲಿ ಬೇಸಿಗೆ ಮೇಳ. ನಮ್ಮ ಹಾಡು ಹಾಕಿದರು. ಜನ ಕುಣಿದರು. ಗುರುತಿಲ್ಲದವರು, ಚಪ್ಪಲಿ ಬಿಟ್ಟು, ಹುಲ್ಲಿನ ಮೇಲೆ. ನನ್ನ ಡ್ರಮ್ಮಿಗೆ ಸರಿಯಾಗಿ ಹೆಜ್ಜೆ. ನನಗೆ — ಖುಷಿ ಎಂದು ಬರೆಯಲು ಸಂಕೋಚ. ಬರೆದೆ.

ಯುಸೇಬಿಯೊ ಕುಣಿಯಲಿಲ್ಲ. ಜ್ಯೂಸ್ ಲೋಟ ಹಿಡಿದು ನಿಂತಿದ್ದ.

ವಾಪಸ್ ಬರುವಾಗ ಅಕ್ಷಯಾ ಹಿಂದಿನ ಸೀಟಿನಿಂದ, "ಅಪ್ಪಾ, ಅಂಕಲ್ ಲುಕ್ಡ್ ಸೋ ಲಾಸ್ಟ್."

"ಸುಸ್ತಾಗಿರತ್ತೆ ಕಣೆ," ಎಂದೆ.

ಶುಕ್ರವಾರ ಊರಿಗೆ ಹೊರಡುತ್ತಾನೆ, ಪೆರುವಿನ ಚಿಂಚಾಗೆ. ಸಿಡಿ ಒಯ್ಯುತ್ತಾನೆ. ಅತ್ತೆಗೆ ಕೇಳಿಸಬೇಕಂತೆ.

ಆಗಸ್ಟ್ 14, ಮಂಗಳವಾರ

ಅವನ ಮೇಲ್. "ಪ್ರಿಯ ಚಕ್ರ, ಅತ್ತೆ ಹಾಡು ಕೇಳಿದರು. ಎದ್ದು ಕುಣಿಯಲು ಹೋದರು. ಒಂದು ಹೆಜ್ಜೆ ಇಟ್ಟು ಮತ್ತೆ ಕೂತರು. ಯಾರೋ ಇವನು, ನಾನು ಕಾಲೆತ್ತುವ ಕಡೆಯೆಲ್ಲ ಊರುತ್ತಾನೆ, ಅಂದರು. ನನಗೂ ಮೊದಲ ದಿನವೇ ಹಾಗನ್ನಿಸಿತ್ತು. ನಿನ್ನ ಮುಖ ನೋಡಿ ಸುಮ್ಮನಾದೆ. ನಾಳೆ ಸಂಜೆ ಅವರು ಕಾಲೂರುವ ಕಡೆ ತಟ್ಟುವ ಚಪ್ಪಾಳೆ ರೆಕಾರ್ಡ್ ಮಾಡಿಕೊಂಡು ಫೋನ್ ಮಾಡುತ್ತೇನೆ. ಅದಕ್ಕೆ ಸರಿಯಾಗಿ ಡ್ರಮ್ ಇಡು."

ಮೂರು ಸಲ ಓದಿದೆ. ಡ್ರಮ್ ನಿಲ್ಲಿಸಿ ಹಾಡು ಕೇಳಿದೆ. ಬೇರೆ ಥರ ಕೇಳಲು ಆಗುತ್ತಿಲ್ಲ, ಕಿವಿ ನನ್ನ ಸಮಕ್ಕೇ ಹೋಗುತ್ತದೆ. ಒಮ್ಮೆ, ಒಂದೇ ಒಮ್ಮೆ, ಹಾಡು ಮಗ್ಗುಲು ಬದಲಾಯಿಸಿತು. ಬೇರೆಯೇ ಹೆಂಗಸು ಹಾಡಿದ ಹಾಗೆ. ಮತ್ತೆ ಹಿಡಿಯಹೋದರೆ ಇಲ್ಲ.

ಇಷ್ಟು ದಿನ ನಾನು ಏನನ್ನು ಕೇಳುತ್ತಿದ್ದೆ?

ಆಗಸ್ಟ್ 15

ಆಫೀಸಿನಲ್ಲಿ ಯಾರೋ ಜಿಲೇಬಿ ತಂದಿದ್ದರು, ಆಗಸ್ಟ್ ಹದಿನೈದು ಅಂತ. ಬೇಗ ಮನೆಗೆ ಬಂದೆ. ಫೋನ್ ಬರಲಿಲ್ಲ. ಸ್ವಲ್ಪ ಸಿಟ್ಟೂ ಬಂತು. ಬರೆದಿಡುತ್ತೇನೆ, ಸಿಟ್ಟು ಬಂದಿತ್ತು.

ಅಕ್ಷಯಾ ಮೆಟ್ಟಿಲ ಮೇಲಿಂದ, "ಅಪ್ಪಾ... ಪೆರು. ದೇರ್ ವಾಸ್ ಎ ಹ್ಯೂಜ್ ಅರ್ತ್‌ಕ್ವೇಕ್."

ಟಿವಿಯವನು ಊರುಗಳ ಹೆಸರು ಓದುತ್ತಿದ್ದ. ಚಿಂಚಾ ಎಂದ. ಉಚ್ಚಾರ ಸರಿ ಇತ್ತು. ಅದನ್ನೇ ಯೋಚಿಸುತ್ತ ನಿಂತೆ, ಉಚ್ಚಾರ ಸರಿ ಇದೆಯಲ್ಲ ಎಂದು.

ಆಗಸ್ಟ್ 18

ಲೈನ್ ಇಲ್ಲ.

ಆಗಸ್ಟ್ 20, ಸೋಮವಾರ

ಲಿಮಾದಿಂದ ಅವನ ತಂಗಿ ನೀಲ್ಡಾ ಫೋನ್ ಮಾಡಿದಳು. ಅತ್ತೆ ಉಳಿದಿದ್ದಾರೆ. ಅವನಿಲ್ಲ.

"ಇಬ್ಬರೂ ಅಂಗಳದಲ್ಲೇ ಇದ್ದರು. ಅತ್ತೆ ಚಪ್ಪಾಳೆ ಶುರು ಮಾಡಿದ್ದರಂತೆ. ತಡೀರಿ ತಡೀರಿ ಅಂತ ನಗ್ತಾ ಒಳಗೆ ಓಡಿದನಂತೆ, ಏನೋ ತರೋಕೆ. ಏನು ಅಂತ ಅವರಿಗೆ ಗೊತ್ತಿಲ್ಲ. ಮಣ್ಣಿನ ಇಟ್ಟಿಗೆ ಮನೆ."

ನನಗೆ ಗೊತ್ತು. ರೆಕಾರ್ಡರ್. ಅತ್ತೆ ಹೇಗಿದ್ದಾರೆ ಎಂದೆ.

"ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾರೆ. ಇನ್ನು ತಟ್ಟಲ್ಲ ಅಂತಾರೆ."

ಫೋನ್ ಇಟ್ಟ ಮೇಲೆ ಪಾತ್ರೆ ತೊಳೆದೆ. ತೊಳೆದಿದ್ದವನ್ನೇ.

ಆಗಸ್ಟ್ 24, ಶುಕ್ರವಾರ

ನಾಳೆ ಮಧ್ಯಾಹ್ನ ಅದೇ ಪಾರ್ಕಿನಲ್ಲಿ ಭೂಕಂಪದವರಿಗಾಗಿ ಹಣ ಕೂಡಿಸುವ ಕುಣಿತ. ಮೇಳದವರು ಹಾಡು ಕೇಳಿದ್ದಾರೆ. ಅದೇ ಇರಲಿ, ಎಲ್ಲರೂ ಕುಣಿದದ್ದು, ಎಂದರು. ಅವನ ಹೆಸರು ಹೇಳಿ ಹಾಕುತ್ತಾರಂತೆ.

"ತಪ್ಪು ಅಂತ ಗೊತ್ತಾದ ಮೇಲೂ ಅದನ್ನೇ ಕೊಡ್ತೀರಾ?" ವೇದಾ ಕೇಳಿದಳು.

"ಸರಿ ಯಾವುದು ಅಂತ ಗೊತ್ತಿದ್ರೆ ತಾನೆ."

"ಗೊತ್ತಿಲ್ದೆ ಇರೋದನ್ನ ಯಾಕ್ರೀ ಬಡೀತೀರಿ?"

ಅವಳು ಒಳಗೆ ಹೋದ ಮೇಲೆ ಡ್ರಮ್ ಅಳಿಸಿದೆ. ಪೂರ್ತಿ. ಈಗ ನಿನ್ನ ಅತ್ತೆಯ ದನಿ, ನಿನ್ನ ಅಂಗೈ, ಅಷ್ಟೇ. ನಾಳೆ ಜನ ಕಾಲೆತ್ತಿ ನಿಲ್ಲುತ್ತಾರೆ, ಎಲ್ಲಿ ಊರಬೇಕೆಂದು ತಿಳಿಯದೆ. ನಿಲ್ಲಲಿ.

ನಿನ್ನ ಪೆಟ್ಟಿಗೆ ಇಲ್ಲೇ ಇದೆ. ಮೊದಲ ಸಲ ಅದರ ಮೇಲೆ ಕೂತೆ. ಅಂಗೈ ಎತ್ತಿದೆ. ಯುಸೇಬಿಯೊ, ಅತ್ತೆಯ ಕಾಲು ಎಲ್ಲಿ ಊರುತ್ತದೆ?