ದೀಪ ಹಚ್ಚದ ಶುಕ್ರವಾರ

ಸೆಪ್ಟೆಂಬರ್ 6, ಶುಕ್ರವಾರ

ಇನ್ನೂ ಸೆಕೆ. ಸನ್ನಿವೇಲ್‌ನ ಈ ಅಪಾರ್ಟ್‌ಮೆಂಟಿಗೆ ಎಸಿ ಹಾಕಿಸದ ಓನರನ್ನು ಬೈದು ಬೈದು ಸುಸ್ತಾಗಿದೆ. ನಮ್ಮ ನಾಯಿ ಡೊಳ್ಳ ಮಧ್ಯಾಹ್ನವೆಲ್ಲ ನಾಲಿಗೆ ಚಾಚಿಕೊಂಡು ಏದುತ್ತಿತ್ತು. ಒದ್ದೆ ಟವೆಲ್ ಹಾಸಿದೆ, ಫ್ಯಾನ್ ಮುಂದೆ ಎಳೆದು ಕೂರಿಸಿದೆ. ಎರಡೂ ಬೇಡವೆಂದು ಎದ್ದು ಹೋಯಿತು.

ಸಂಜೆ ನೋಡಿದರೆ ದೇವರ ಮುಂದೆ ಮಲಗಿದೆ. ಬಟ್ಟೆ ಇಡುವ ಕ್ಲಾಸೆಟ್ಟನ್ನೇ ನಾವು ದೇವರಮನೆ ಮಾಡಿಕೊಂಡಿರುವುದು. ಅಲ್ಲಿ ಹಾಸಿದ ಗ್ರಾನೈಟ್ ಕಲ್ಲೊಂದೇ ಮನೆಯಲ್ಲೆಲ್ಲ ತಣ್ಣಗಿರುವ ಜಾಗ. ನಮಗ್ಯಾರಿಗೂ ಹೊಳೆಯದ್ದು ಅದಕ್ಕೆ ಹೇಗೆ ಗೊತ್ತಾಯಿತೋ.

ಎಬ್ಬಿಸುವಷ್ಟರಲ್ಲಿ ಅತ್ತೆ ದೀಪ ಹಚ್ಚಲು ಬಂದುಬಿಟ್ಟರು. ನಾಯಿ ಸೋಕಿದರೆ ಮತ್ತೆ ಸ್ನಾನ ಮಾಡುವವರು.

ಅತ್ತೆ ನಾಯಿಯನ್ನು ನೋಡಿದರು. ಆಮೇಲೆ ಬೆಂಕಿಪೊಟ್ಟಣ ಕೆಳಗಿಟ್ಟು, "ದೀಪ ಹಚ್ಚಿದ್ರ ಅದಕ್ಕ ಇನ್ನಷ್ಟ ಝಳ ಬಡಿತೈತಿ. ಎಬ್ಬಿಸಬ್ಯಾಡವ್ವಾ" ಅಂದರು.

ಜ್ವರ ಬಂದಾಗಲೂ ಶುಕ್ರವಾರದ ದೀಪ ತಪ್ಪಿಸಿದವರಲ್ಲ. ಇವತ್ತು ಕತ್ತಲಲ್ಲೇ ಕೈಮುಗಿದರು. ಹೊರಡುವ ಮುಂಚೆ ಬಗ್ಗಿ, ಅದರ ಕಿವಿಯನ್ನು ಮೆಲ್ಲಗೆ ಸವರಿದರು.

ಆಗಿನಿಂದ ಕಿವಿಗೊಟ್ಟು ಕೂತಿದ್ದೇನೆ. ಬಚ್ಚಲಿನಲ್ಲಿ ನೀರು ಬಿಟ್ಟ ಸದ್ದು ಕೇಳಿಸಲೇ ಇಲ್ಲ.