ಭಾವ ಸೋಮವಾರ ಬರುತ್ತಾರಂತೆ

ಗುರುವಾರ, ಕಚೇರಿಯ ಊಟದ ಬಿಡುವು

ಅಕ್ಕಾ,

ನಿನ್ನ ಪತ್ರ ಬಂದು ಒಂಬತ್ತು ದಿನವಾಯಿತು. ಭಾವ ಸೋಮವಾರ ಜೈಲಿನಿಂದ ಮನೆಗೆ ಬರುತ್ತಾರೆ, ಅಲ್ಲಿ ಕೊಟ್ಟ ಚಿಕಿತ್ಸೆ ಫಲ ಕೊಡುತ್ತದಾ, ಅದನ್ನು ಅಳೆಯುವುದೇ ನಿನ್ನ ಕೆಲಸವಲ್ಲವಾ, ಒಂದೇ ಮಾತಲ್ಲಿ ಹೇಳು ಅಂತ ಕೇಳಿದ್ದೀಯ. ಕೆಲಸ ಜಾಸ್ತಿ ಇತ್ತು ಅಂತ ಬರೆಯಲು ಹೊರಟಿದ್ದೆ. ಸುಳ್ಳು. ಹೆದರಿ ತಡಮಾಡಿದೆ.

ಮಕ್ಕಳ ಮೇಲೆ, ಹೆಂಗಸರ ಮೇಲೆ ಕೈಹಾಕಿ ಜೈಲಿಗೆ ಹೋದವರು ಹೊರಬಂದ ಮೇಲೆ ಎಷ್ಟು ಜನ ಮತ್ತೆ ಸಿಕ್ಕಿಬಿದ್ದರು ಅಂತ ಐದು ವರ್ಷ ಎಣಿಸಿದೆವು. ಚಿಕಿತ್ಸೆ ಇಲ್ಲದವರಲ್ಲಿ ನೂರಕ್ಕೆ ಹದಿನಾರು, ಪಡೆದವರಲ್ಲಿ ಏಳು. ಕಚೇರಿಯಲ್ಲಿ ಎಲ್ಲರ ಮುಖ ಅರಳಿತು. ನಿನಗೆ ಫೋನ್ ಮಾಡಿಬಿಡೋಣ ಅನ್ನಿಸಿತ್ತು.

ಆಮೇಲೆ ನೋಡಿದರೆ, ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟವರನ್ನೆಲ್ಲ 'ಇಲ್ಲದವರ' ಸಾಲಿಗೆ ತಳ್ಳಿದ್ದರು. ಅವರನ್ನು 'ಪಡೆದವರ' ಸಾಲಿಗೆ ತಂದೆ. ಒಂಬತ್ತಿದ್ದ ವ್ಯತ್ಯಾಸ ಎರಡಕ್ಕೆ ಇಳಿಯಿತು. "ಅದನ್ನ ಕೆದಕಬೇಡಮ್ಮಾ, ಇರೋ ಒಂದು ಚಿಕಿತ್ಸೇನೂ ನಿಂತುಹೋಗುತ್ತೆ" ಅಂದರು ನಮ್ಮ ಮುಖ್ಯಸ್ಥರು. ಕೆಟ್ಟವರಲ್ಲ, ಅವರ ಭಯವೂ ನಿಜವೇ. ಎರಡೂ ಅಂಕಿ ವರದಿಯಲ್ಲಿಟ್ಟೆ. ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ.

ಅನ್ನ ಬೆಂದಿದೆಯಾ ಅಂತ ನೋಡಲು ಒಂದಗುಳು ಹಿಸುಕಿದರೆ ಸಾಕು. ಮನುಷ್ಯರು ಹಾಗಲ್ಲ ಅಕ್ಕಾ. ನೂರು ಜನರ ಬಗ್ಗೆ ಹೇಳಬಲ್ಲೆ, ಒಬ್ಬರ ಬಗ್ಗೆ ಹೇಳಲಾರೆ.

"ತುಂಬಾ ಮೆತ್ತಗಾಗಿದಾರೆ ಕಣೇ, ನೋಡೋಕೆ ಹೋದಾಗೆಲ್ಲ ಪುಟ್ಟಿ ಹೋಂವರ್ಕ್ ಬಗ್ಗೆ ವಿಚಾರಿಸ್ತಾರೆ" ಅಂತ ಬರೆದಿದ್ದೀಯ. ಪಾಠಕ್ಕೆ ಬರುತ್ತಿದ್ದ ಎದುರುಮನೆ ಮಗುವಿನ ಹೋಂವರ್ಕನ್ನೂ ಅವರು ಅಷ್ಟೇ ಅಕ್ಕರೆಯಿಂದ ನೋಡುತ್ತಿದ್ದರು.

ಪುಟ್ಟಿಗಿನ್ನೂ ಹತ್ತು. ಭಾನುವಾರವೇ ಅವಳನ್ನು ನನ್ನ ಮನೆಗೆ ಕರೆದುಕೊಂಡು ಬಾ. ಬೈದುಕೊಂಡಾದರೂ ಸರಿ, ಬಾ.

ಒಂದೇ ಮಾತಲ್ಲಿ ಉತ್ತರ ಕೊಡಲಾಗದ ನಿನ್ನ ತಂಗಿ,
ಕುಳ್ಳಿ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಬರೆಯುವ ಧೈರ್ಯವಿರಲಿಲ್ಲ. ಈ ವರ್ಷ ಚಿಕಿತ್ಸೆ ಮುಗಿಸಿದವರ ಕಡತಗಳೂ ನಮ್ಮಲ್ಲಿಗೆ ಬಂದಿವೆ. ಹೆಸರಿರುವುದಿಲ್ಲ. ಆದರೆ ಭಾವನ ಕೈಬರಹ ನನಗೆ ಗೊತ್ತಿಲ್ಲವೇ? ಕಂಡ ಕೂಡಲೇ ಮುಚ್ಚಿಡಬೇಕಿತ್ತು, ಓದಿದೆ. ಎಲ್ಲ ಪರೀಕ್ಷೆಯಲ್ಲೂ ಪಾಸು, 'ಅಪಾಯ ಕಡಿಮೆ' ಅಂತ ಮುದ್ರೆ. ಕೊನೆಯ ಹಾಳೆಯಲ್ಲಿ ಅವರೇ ಬರೆದಿದ್ದಾರೆ: "ಮನೇಲಿ ಮಗಳಿದಾಳೆ. ನನ್ನನ್ನ ಅಲ್ಲಿಗೆ ಕಳಿಸಬೇಡಿ. ಹೆಂಡತಿಗೆ ಹೇಳೋ ಧೈರ್ಯ ನನಗಿಲ್ಲ." ಇದು ಚಿಕಿತ್ಸೆ ಫಲಿಸಿದ ಗುರುತೋ, ಫಲಿಸದ್ದರ ಗುರುತೋ, ನನಗೆ ತಿಳಿಯುತ್ತಿಲ್ಲ. ಹಾಳೆಯ ಕೆಳಗೆ ಯಾವ ಅಧಿಕಾರಿಯ ಸಹಿಯೂ ಇಲ್ಲ. ಮೊದಲು ಓದಿದವಳು ನಾನೇ ಇರಬೇಕು. ಓದಿ ನಾಲ್ಕು ದಿನ ಸುಮ್ಮನಿದ್ದೆ, ಅಕ್ಕಾ.