ದನೂತಾ ಅವರ ಹೆಸರು

ದೋಹಾ, ಮಾರ್ಚ್ 2006

ಮಾನ್ಯ ಸಂಪಾದಕರೇ,

ನೆರೆಮನೆಯ ದನೂತಾ ನಿನ್ನೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಗಂಡ ಫೋನ್ ಮಾಡಿ ತಿಳಿಸಿದರು. ನಿಮ್ಮ ವಾರಪತ್ರಿಕೆಯಲ್ಲಿ ನನ್ನ ಹೆಸರಿನಲ್ಲಿ ಬರುತ್ತಿರುವ ಪೋಲೆಂಡಿನ ಹಳೆಯ ಸ್ತ್ರೀವಾದಿ ಲೇಖಕಿಯ ಜೀವನಕಥೆಯನ್ನು ನನ್ನ ಅಡುಗೆಮನೆಯಲ್ಲಿ ಕೂತು ಪೋಲಿಷ್ ಪುಸ್ತಕದಿಂದ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುತ್ತಿದ್ದವರು ಅವರೇ. ನಾನು ಕನ್ನಡಕ್ಕಿಳಿಸುತ್ತಿದ್ದೆ.

ಪ್ರತಿ ಕಂತಿನಲ್ಲೂ ಅವರ ಹೆಸರು ಬರೆದಿದ್ದೆ. ಜಾಗವಿಲ್ಲವೆಂದು ನೀವು ಬಿಟ್ಟಿರಿ. ಪತ್ರಿಕೆ ಬಂದಾಗಲೆಲ್ಲ, "ಮಿಸ್ರಿಯಾ, ನನ್ನ ಹೆಸರೆಲ್ಲಿ?" ಎನ್ನುತ್ತಿದ್ದರು. ಇಲ್ಲಿನ ಅರಬಿಯಲ್ಲಿ "ಈ ಸಲವೂ ಮಾಫಿ", ಅಂದರೆ ಇಲ್ಲ, ಎಂದರೆ ನಗುತ್ತಿದ್ದರು: "ನಮ್ಮ ಲೇಖಕಿಗೆ ಬರೆಯಲು ಗಂಡಸಿನ ಕಾವ್ಯನಾಮವಾದರೂ ಇತ್ತು, ನನಗೆ ಅದೂ ಇಲ್ಲ!"

ಈ ಫ್ಯಾಕ್ಸ್ ಜೊತೆಗೇ ಕೊನೆಯ ಕಂತು ಇದೆ. ದಯವಿಟ್ಟು ಅವರ ಹೆಸರು ಸೇರಿಸಿ, ಅಚ್ಚಿನ ಪುಟವನ್ನು ಫ್ಯಾಕ್ಸ್ ಮಾಡಿ. ಅದನ್ನು ಅವರ ಜೊತೆಗಿಡಬೇಕೆಂದು ಗಂಡ ಕೇಳಿದ್ದಾರೆ. ಶವಪೆಟ್ಟಿಗೆಯನ್ನು ಶನಿವಾರ ಸಂಜೆ ಮುಚ್ಚುತ್ತಾರೆ.

ಇತಿ,
ಮಿಸ್ರಿಯಾ